ಕೋಳಿಗೂಡಿನ ಅವಿರೋಧ ಆಯ್ಕೆ

ನಮ್ಮ ಬಾವ ಕೋಳಿಗೂಡಿನ ಬಾಗಿಲು ರಿಪೇರಿ ಮಾಡಿಸುವುದನ್ನು ತಪ್ಪಿಸಿಕೊಳ್ಳಲು ಇಡೀ ಜೀವವಿಕಾಸವಾದವನ್ನೇ ಅಡ್ಡ ತಂದರು.

ನಂಬಿಕೆ ಬರುತ್ತಿಲ್ಲವೇ? ನನಗೂ ಬಂದಿರಲಿಲ್ಲ. ಉಳಿದ ಗಂಡಸರು ಇಂಥ ಹೊತ್ತಿನಲ್ಲಿ ಸೊಂಟ ನೋವು ಎನ್ನುತ್ತಾರೆ, ಬಡಗಿ ಸಿಗಲಿಲ್ಲ ಎನ್ನುತ್ತಾರೆ, ಹೆಚ್ಚೆಂದರೆ ಅಮಾವಾಸ್ಯೆ ಕಳೆಯಲಿ ಎನ್ನುತ್ತಾರೆ. ನಮ್ಮ ಬಾವನದು ದೊಡ್ಡ ಮಟ್ಟದ ಸೋಮಾರಿತನ. ಅದಕ್ಕೆ ವಿಜ್ಞಾನದ ಬೆಂಬಲ ಬೇಕು.

ಬಾವ ಎಂದರೆ ನನ್ನ ಅಕ್ಕನ ಗಂಡ, ಕಡಹಿನಬೈಲಿನ ಮಂಜಪ್ಪನವರು. ಗದ್ದೆ ಇದೆ, ತೋಟ ಇದೆ, ಈಗ ಹೊಸದಾಗಿ ಒಂದು ಡಿಶ್ ಇದೆ. ಹೋದ ವರ್ಷ ಊರಿನ ಸಹಕಾರಿ ಸೊಸೈಟಿಗೆ ಡೈರೆಕ್ಟರಾಗಿ ‘ಅವಿರೋಧವಾಗಿ ಆಯ್ಕೆ’ಯಾದರು. (ನಿಂತವರು ಅವರೊಬ್ಬರೇ. ಉಳಿದವರಿಗೆಲ್ಲ ಮನೆಯಲ್ಲಿ ಕೆಲಸವಿತ್ತು.) ಅಂದಿನಿಂದ ‘ಆಯ್ಕೆ’ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಬಾವ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಅಕ್ಕನ ಕೋಳಿಗೂಡಿನ ಬಾಗಿಲಿಗೆ ಗೆದ್ದಲು ಹಿಡಿದಿದ್ದು ದೀಪಾವಳಿಯ ಸುಮಾರಿಗೆ. ಕೀಲು ಕಳಚಿ ಒಂದು ಹಲಗೆ ಕೈಗೇ ಬಂತು. ಅಕ್ಕ ಹೇಳಿದಳು. ಬಾವ ‘ಹೂಂ’ ಎಂದರು. ಸಂಕ್ರಾಂತಿಗೆ ಇನ್ನೊಂದು ಹಲಗೆ ಬಿತ್ತು. ಅಕ್ಕ ಮತ್ತೆ ಹೇಳಿದಳು. ಬಾವ ಈ ಸಲ ‘ಹೂಂ’ ಅನ್ನುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ, ತಲೆ ಆಡಿಸಿದರು. ಅಕ್ಕ ಬಾಗಿಲಿಗೆ ಒಂದು ಕಲ್ಲು ಒತ್ತಿ ಇಟ್ಟು ದಿನ ದೂಡಿದಳು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ನೋಡಿದರೆ ಕಲ್ಲು ಪಕ್ಕಕ್ಕೆ ಸರಿದಿದೆ, ಅಂಗಳದ ತುಂಬ ಪುಕ್ಕ. ಕಾಡುಬೆಕ್ಕಿಗೆ ಅಡ್ರೆಸ್ ಸಿಕ್ಕಿತ್ತು.

ಅದೇ ವಾರ ಬಾವನಿಗೆ ಟಿವಿಯಲ್ಲಿ ಪ್ರಾಣಿಗಳ ಚಾನೆಲ್ ಸಿಕ್ಕಿತು ನೋಡಿ. ದಿನವಿಡೀ ಸಿಂಹ ಓಡುತ್ತದೆ, ಜಿಂಕೆ ಓಡುತ್ತದೆ, ಹಿನ್ನೆಲೆಯಲ್ಲಿ ಯಾರೋ ಒಬ್ಬ ಗಂಭೀರವಾಗಿ ಇಂಗ್ಲಿಷ್ ಮಾತಾಡುತ್ತಾನೆ. ಬಾವನ ಇಂಗ್ಲಿಷು ಪಿಯುಸಿಯಲ್ಲೇ ಕೈಕೊಟ್ಟದ್ದು. ಆದರೂ ಎರಡು ಶಬ್ದ ಅವರ ಕಿವಿಗೆ ಮತ್ತೆ ಮತ್ತೆ ಬಿದ್ದವು. ತಕ್ಷಣ ನನಗೆ ಫೋನು. ನಾನು ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಎಂಬುದು ನೆನಪಾಗುವುದು ಇಂಥ ಹೊತ್ತಿನಲ್ಲಿ ಮಾತ್ರ.

‘ಏ ಸುಮಿ, ನ್ಯಾಚುರಲ್ ಸೆಲೆಕ್ಷನ್ ಅಂದ್ರೆ ಎಂತ ಮಾರಾಯ್ತಿ?’

ಟೀಚರಿಗೆ ಪ್ರಶ್ನೆ ಕೇಳಬಾರದು. ನಾನು ಪಾಠ ಶುರು ಮಾಡಿಯೇಬಿಟ್ಟೆ. ‘ನಿಸರ್ಗದ ಆಯ್ಕೆ ಅಂತ ಬಾವ. ಪರಿಸ್ಥಿತಿಗೆ ಹೊಂದುವಂಥ ಗುಣ ಇರೋವು ಉಳೀತವೆ, ಮರಿ ಮಾಡ್ತವೆ. ಮರಿಗಳಿಗೂ ಆ ಗುಣ ಬರುತ್ತೆ. ಹೊಂದದೆ ಇರೋವು ಹೋಗ್ತವೆ. ಆದ್ರೆ...’

ಬಾವನ ಮೊಬೈಲಿಗೆ ರೇಂಜ್ ಸಿಗುವುದು ಹಿತ್ತಿಲ ಹಲಸಿನ ಮರದ ಬುಡದಲ್ಲಿ ಮಾತ್ರ, ಅದೂ ಬಲಗಡೆ ವಾಲಿ ನಿಂತರೆ. ‘ಆದ್ರೆ’ ಎನ್ನುವಷ್ಟರಲ್ಲಿ ಬಾವ ನೆಟ್ಟಗೆ ನಿಂತರೆಂದು ಕಾಣುತ್ತದೆ, ಲೈನು ಹೋಯಿತು. ‘ಆದ್ರೆ’ಯ ನಂತರದ್ದೇ ಪಾಠದ ಮುಖ್ಯ ಭಾಗ. ಅದಕ್ಕೆ ಎಷ್ಟು ತಲೆಮಾರು ಬೇಕು, ಅಷ್ಟರೊಳಗೆ ಎಷ್ಟು ಸಾಯುತ್ತವೆ, ತಳಿಯೇ ಮುಗಿದುಹೋದರೆ ಏನು ಗತಿ, ಅದೆಲ್ಲ ಕೊಪ್ಪದಲ್ಲೇ ಉಳಿಯಿತು. ಅರ್ಧ ಸಿದ್ಧಾಂತ ಮಾತ್ರ ಕಡಹಿನಬೈಲು ತಲುಪಿತು. ಅವರಿಗೆ ಬೇಕಾಗಿದ್ದೂ ಅಷ್ಟೇ.

ಮುಂದಿನ ಭಾನುವಾರ ನಾನು ಅಕ್ಕನ ಮನೆಗೆ ಹೋದಾಗ ಗೂಡಿನ ಬಾಗಿಲನ್ನು ಪೂರ್ತಿ ತೆಗೆದಿಟ್ಟಿದ್ದರು. ಕಲ್ಲೂ ಇಲ್ಲ.

‘ಇದೆಂತ ಬಾವ?’

‘ಪ್ರಯೋಗ ಮಾರಾಯ್ತಿ. ನೀನೇ ಹೇಳಿದ್ದಲ್ವ? ದಡ್ಡ ಕೋಳಿಗಳನ್ನ ಬೆಕ್ಕು ಹೊತ್ತುಕೊಂಡು ಹೋಗ್ತದೆ. ಹೋಗ್ಲಿ. ಚುರುಕಿನವು ಉಳೀತವೆ. ಅವುಗಳ ಮರಿ ಇನ್ನೂ ಚುರುಕು. ಎರಡು ವರ್ಷ ಬಿಟ್ಟು ಬಾ, ಕಾಡುಬೆಕ್ಕಿನ ಅಪ್ಪ ಬಂದ್ರೂ ಹಿಡಿಯಕ್ಕಾಗದ ಕೋಳಿ ತೋರಿಸ್ತೀನಿ. ಆಮೇಲೆ ಬಾಗಿಲು ಯಾಕೆ? ಗೂಡೇ ಯಾಕೆ?’

‘ಎರಡು ವರ್ಷದಲ್ಲಿ ಆಗುತ್ತಾ?’

‘ಒಗ್ಗಿಹೋಗ್ತದೆ ಬಿಡು.’

ಒಗ್ಗಿಹೋಗ್ತದೆ. ಈ ಒಂದು ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ನಮ್ಮ ದೇಶ ನಡೆಯುತ್ತಿರುವುದೇ ಇದರ ಮೇಲೆ.

ಅಕ್ಕ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮಾತಾಡಲಿಲ್ಲ. ಅಕ್ಕ ಮಾತಾಡದಿದ್ದರೆ ನನಗೆ ಭಯ. ಅವಳ ಕೋಳಿಗಳ ಕತೆ ನಿಮಗೆ ಹೇಳಬೇಕು. ಅಕ್ಕನ ಮೊದಲ ಬಾಣಂತನ ಮುಗಿದು ಗಂಡನ ಮನೆಗೆ ಹೊರಟಾಗ ನಮ್ಮವ್ವ ಒಂದು ಜುಟ್ಟಿನ ಹೇಂಟೆಯನ್ನು ಬುಟ್ಟಿಯಲ್ಲಿ ಹಾಕಿ ಕೊಟ್ಟಳು. ‘ಅಲ್ಲಿ ಹೋಗಿ ಸಾರು ಮಾಡಿ ಉಣ್ಣು, ಮೈಗೆ ಬಲ ಬರ್ತದೆ’ ಅಂತ. ಆ ಹೇಂಟೆ ಬಸ್ಸಿನಲ್ಲೇ, ಅಕ್ಕನ ಕಾಲ ಹತ್ತಿರ, ಒಂದು ಮೊಟ್ಟೆ ಇಟ್ಟಿತು. ಪ್ರಯಾಣದಲ್ಲೂ ಕೆಲಸ ಬಿಡದ ಜೀವವನ್ನು ಕೊಯ್ಯಲು ಅಕ್ಕನಿಗೆ ಮನಸ್ಸಾಗಲಿಲ್ಲ. ಈಗ ಅವ್ವ ಇಲ್ಲ. ತವರಲ್ಲಿ ಕೋಳಿ ಸಾಕುವವರೂ ಇಲ್ಲ. ತಲೆಯ ಮೇಲೆ ಹೂವು ಮುಡಿದ ಹಾಗೆ ಜುಟ್ಟು ಬಿಟ್ಟುಕೊಂಡು ಓಡಾಡುವ ಆ ತಳಿ ಉಳಿದಿದ್ದು ಅಕ್ಕನ ಅಂಗಳದಲ್ಲಿ ಮಾತ್ರ. ಅವ್ವನ ಕಡೆಯಿಂದ ಬಂದು ಇನ್ನೂ ಜೀವಂತ ಇರುವುದು ಎಂದರೆ ನಾವಿಬ್ಬರು ಮತ್ತು ಆ ಕೋಳಿಗಳು.

ಅದನ್ನು ಬಾವ ಪ್ರಯೋಗಕ್ಕೆ ಇಟ್ಟಿದ್ದರು.

ಪ್ರಯೋಗ ನಡೆಯಿತು. ಮೊದಲು ಯಾವ ಕೋಳಿ ಹೋಯಿತು ಹೇಳಿ ನೋಡೋಣ. ದಡ್ಡ ಕೋಳಿಯೇ? ಅಲ್ಲ ಸ್ವಾಮಿ. ಕಾವಿಗೆ ಕೂತ ಕೋಳಿ. ಮೊಟ್ಟೆ ಬಿಟ್ಟು ಏಳಬಾರದು ಎಂದು ಕೂತವಳು, ಬೆಕ್ಕು ಬಂದರೂ ಏಳಲಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮರಿಗಳನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಮಲಗಿದ್ದವಳು, ಮರಿಗಳ ಸಮೇತ. ಉಳಿದವರು ಯಾರು? ಸಂಜೆಯಾಗುತ್ತಲೇ ಹಲಸಿನ ಮರ ಹತ್ತಿ ಕೂರುವ, ಜುಟ್ಟಿಲ್ಲದ ತಿರುಗಾಲಿಗಳು. ಎಲ್ಲೋ ಲಂಟಾನದ ಪೊದೆಯಲ್ಲಿ ಮೊಟ್ಟೆ ಇಟ್ಟು ಕೈ ತೊಳೆದುಕೊಳ್ಳುವವರು. ಅವಕ್ಕೆ ಕಾವು ಎಂದರೆ ಏನೆಂದೇ ಗೊತ್ತಿಲ್ಲ.

ಬಾವನ ಪ್ರಕಾರ ಇದು ಭರ್ಜರಿ ಯಶಸ್ಸು. ‘ನೋಡು, ಈ ವಾರ ಒಂದೂ ಹೋಗಿಲ್ಲ. ಒಗ್ಗಿದ್ವು.’

ಯಾವುದು ಒಗ್ಗಿತು? ಆ ಮರ ಹತ್ತುವ ಕೋಳಿಗಳು ಮೊದಲೂ ಮರ ಹತ್ತುತ್ತಿದ್ದವು. ಹೊಸದಾಗಿ ಯಾವುದೂ ಏನನ್ನೂ ಕಲಿಯಲಿಲ್ಲ. ಯಾವುದರ ತಲೆಯೂ ಚುರುಕಾಗಲಿಲ್ಲ. ಹೋಗುವವು ಹೋಗಿ ಮುಗಿದವು, ಅಷ್ಟೇ. ಬೆಕ್ಕು ಆ ವಾರ ಬರದೇ ಇದ್ದಿದ್ದು ನೆಲದ ಮೇಲೆ ಏನೂ ಉಳಿದಿರಲಿಲ್ಲ ಎಂಬ ಕಾರಣಕ್ಕೆ. ಇನ್ನು ಉಳಿದವುಗಳಿಂದ ಮರಿ? ಕಾವು ಕೂರದ ಕೋಳಿಗೆ ಮರಿ ಎಲ್ಲಿಂದ ಬರಬೇಕು, ಬಾವನ ಡಿಶ್‌ನಿಂದಲೇ?

‘ಆದ್ರೆ’ಯ ನಂತರದ ಪಾಠವನ್ನು ನಿಮಗಾದರೂ ಮುಗಿಸುತ್ತೇನೆ. (ನಿಮ್ಮ ಲೈನು ಕಟ್ಟಾಗುವುದಿಲ್ಲವಲ್ಲ.)

ನೀವು ಸಂತೆಗೆ ಬೆಳಗ್ಗೆ ಹೋದರೆ ಬದನೆಕಾಯಿ ರಾಶಿ ಇರುತ್ತದೆ. ಹುಳುಕು ಬಿಟ್ಟು, ಬಲಿತದ್ದು ಬಿಟ್ಟು, ತೊಟ್ಟು ಹಸುರಿರುವುದನ್ನೇ ಆರಿಸುತ್ತೀರಿ. ಸಂಜೆ ಹೋದರೆ? ಮೂರು ಕಾಯಿ ಬಿದ್ದಿರುತ್ತವೆ. ಆರಿಸುವುದೆಲ್ಲಿಂದ ಬಂತು? ಇದ್ದದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತೀರಿ. ನಿಸರ್ಗದ್ದೂ ಇದೇ ಕಷ್ಟ. ಆರಿಸಬೇಕೆಂದರೆ ಮೊದಲು ರಾಶಿ ಬೇಕು. ಒಂದನ್ನು ಆರಿಸಿದಾಗಲೆಲ್ಲ ಹತ್ತನ್ನು ಬಿಸಾಡಬೇಕು, ಬಿಸಾಡಿದ್ದನ್ನು ತುಂಬಿಕೊಡುವಷ್ಟು ಮರಿ ಹುಟ್ಟಬೇಕು. ಹುಟ್ಟುವುದಕ್ಕಿಂತ ಬೇಗ ಬಿಸಾಡಿದರೆ ಸುಧಾರಿಸುವುದಿಲ್ಲ, ಅಂಗಡಿ ಮುಚ್ಚುತ್ತದೆ.

ಅದೂ ಒಂದೇ ಗುಣಕ್ಕೆ ಆರಿಸುವುದಾದರೆ ಸರಿ. ನಮ್ಮ ಕೋಳಿಗಳ ಪಾಡು ನೋಡಿ. ರಾತ್ರಿ ಕಾಡುಬೆಕ್ಕು. ಹಗಲು ಮುಂಗುಸಿ. ಮೇಲೆ ಹದ್ದು. ಬೇಸಿಗೆಯಲ್ಲಿ ತೂಕಡಿಸಿ ತೂಕಡಿಸಿ ಸಾಯುವ ರೋಗ. ರಸ್ತೆಯಲ್ಲಿ ಬಸ್ಸು. ಒಂದೇ ಕೋಳಿ ಬೆಕ್ಕಿಗೆ ಚುರುಕಾಗಿ, ಹದ್ದಿಗೆ ಹುಷಾರಾಗಿ, ರೋಗಕ್ಕೆ ಗಟ್ಟಿಯಾಗಿ, ಡ್ರೈವರ್ ಹಾರ್ನ್ ಹೊಡೆದಾಗ ಸರಿಯಾದ ಕಡೆ ಹಾರಬೇಕು. ಇಷ್ಟೆಲ್ಲ ಪರೀಕ್ಷೆ ಒಟ್ಟಿಗೆ ಇಟ್ಟರೆ ಪಾಸಾಗುವವರು ಯಾರು? ನಮ್ಮ ಶಾಲೆಯಲ್ಲಿ ಗಣಿತ ಒಂದಕ್ಕೇ ಅರ್ಧ ಕ್ಲಾಸು ಮಲಗುತ್ತದೆ.

ಇದರ ಮೇಲೆ ನಮ್ಮದೇ ಆಯ್ಕೆ ಬೇರೆ. ಪ್ರತಿ ವರ್ಷ ಅಂಗಳದ ಅತ್ಯುತ್ತಮ ಹುಂಜ ಯಾವುದೋ ಅದನ್ನು ಊರಾಚೆಯ ದೇವತೆ ಚೌಡಿಗೆ ಬಲಿ ಕೊಡುತ್ತೇವೆ. ಬೆಕ್ಕಿಗೆ ಸಿಗದೆ, ರೋಗಕ್ಕೆ ಬೀಳದೆ, ಎದೆ ಉಬ್ಬಿಸಿಕೊಂಡು ಬೆಳೆದು ನಿಂತ ಹುಂಜವನ್ನು ಕಂಡ ಕೂಡಲೇ ‘ಇದು ಚೌಡಿಗೆ’ ಎನ್ನುತ್ತಾರೆ ಬಾವ. ದಪ್ಪ ಹೇಂಟೆ ನೆಂಟರಿಗೆ. ಕಾಯಿಲೆಯದ್ದು ತಾನಾಗಿಯೇ ಹೋಗುತ್ತದೆ. ಕೊನೆಗೆ ವಂಶ ಬೆಳೆಸಲು ಉಳಿಯುವುದು ಯಾರ ಕಣ್ಣಿಗೂ ಬೀಳದ ಸುಮಾರಿನವು. (ನಮ್ಮ ನಿಮ್ಮ ಹಾಗೆ.) ಇದನ್ನು ಬಲಿಷ್ಠರ ಉಳಿವು ಎಂದು ಕರೆಯುವ ಧೈರ್ಯ ಸೊಸೈಟಿಯ ಡೈರೆಕ್ಟರಿಗೆ ಮಾತ್ರ ಇರಲು ಸಾಧ್ಯ.

ಬಾವ ಒಬ್ಬರನ್ನೇ ಯಾಕೆ ಬೈಯಬೇಕು? ಕೊಪ್ಪದಿಂದ ಶೃಂಗೇರಿ ಕಡೆಯ ಒಂದು ಒಳಹಳ್ಳಿಗೆ ಬೆಳಗ್ಗೆ, ಸಂಜೆ ಓಡುವ ಒಂದು ಬಸ್ಸಿತ್ತು. ಹೋದ ವರ್ಷ ನಿಂತಿತು. ಆ ಊರಿನ ಹುಡುಗಿಯರು ನನ್ನ ಕ್ಲಾಸಿನಲ್ಲಿ ಒಂದು ಬೆಂಚು ತುಂಬ ಇದ್ದರು. ನಾನು ಸಂಬಂಧಪಟ್ಟವರ ಹತ್ತಿರ ಹೋಗಿ ಕೇಳಿದೆ. ಮೊನ್ನೆ ಮತ್ತೆ ಹೋಗಿ ಕೇಳಿದಾಗ ಅವರು ನಗುನಗುತ್ತಲೇ ಹೇಳಿದರು, ‘ಈಗ ಎಲ್ಲ ಒಗ್ಗಿಕೊಂಡಿದ್ದಾರೆ ಟೀಚರ್. ನೋಡಿ, ಯಾರೂ ಕಂಪ್ಲೇಂಟೇ ಕೊಡ್ತಿಲ್ಲ.’

ನಿಜ. ಆ ಬೆಂಚಿನಲ್ಲಿ ಈಗ ಒಬ್ಬಳೇ ಕೂರುತ್ತಾಳೆ. ಮುಖ್ಯರಸ್ತೆವರೆಗೆ ನಡೆದು ಬರುತ್ತಾಳೆ, ಗಟ್ಟಿ ಹುಡುಗಿ. ಅವಳ ಕಾಲು ಬಸ್ಸು ನಿಂತ ಮೇಲೆ ಉದ್ದವಾಗಿಲ್ಲ. ಉಳಿದವರು ಮನೆಯಲ್ಲಿದ್ದಾರೆ. ಮನೆಯಲ್ಲಿ ಕೂತವರು ಕಂಪ್ಲೇಂಟ್ ಕೊಡಲು ಬರಬೇಕೆಂದರೂ ಬಸ್ಸು ಬೇಕಲ್ಲವೇ? ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇರಲಿ, ಕೋಳಿಗೆ ಬರೋಣ.

ಯುಗಾದಿ ಕಳೆದು ಎರಡು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಅಕ್ಕನ ಮನೆಯಲ್ಲಿದ್ದೆ. ಬಾವನ ಚಿಕ್ಕಮ್ಮ, ಚಿಕ್ಕಪ್ಪ ಶೃಂಗೇರಿ ಕಡೆಯಿಂದ ಬಂದಿಳಿದರು. ನಮ್ಮ ಕಡೆ ನೆಂಟರು ಬಂದರೆ ಕಡುಬು, ಕೋಳಿಸಾರು. ಅದರಲ್ಲಿ ಚರ್ಚೆ ಇಲ್ಲ. ಅಕ್ಕ ಕಡುಬು ಬೇಯಿಸಲು ಇಟ್ಟಳು. ಬಾವ ಪಂಚೆ ಎತ್ತಿ ಕಟ್ಟಿ ಕೋಳಿ ಹಿಡಿಯಲು ಹೊರಟರು.

ಗೂಡಿಗೆ ಬಾಗಿಲಿದ್ದ ಕಾಲದಲ್ಲಿ ಇದೊಂದು ಕೆಲಸವೇ ಆಗಿರಲಿಲ್ಲ. ಬೆಳಗ್ಗೆ ಹೊರಗೆ ಬಿಡುವ ಮೊದಲು ಕೈ ಹಾಕಿ ಬೇಕಾದ್ದನ್ನು ತೆಗೆಯುವುದು, ಉಳಿದದ್ದನ್ನು ಬಿಡುವುದು. ಈಗ ಬಾವ ಅಕ್ಕಿ ಎರಚಿದರು, ‘ಬಾ ಬಾ’ ಎಂದರು. ಕೋಳಿಗಳು ದೂರದಲ್ಲಿ ನಿಂತು ಅವರನ್ನು ಅಳೆದವು. ಬಾವ ಒಂದು ಹೆಜ್ಜೆ ಇಟ್ಟರೆ ಹೆಂಚಿನ ಮೇಲೆ. ಕೋಲು ತಂದರೆ ಹಲಸಿನ ಮರದಲ್ಲಿ. ಚಿಕ್ಕಪ್ಪನೂ ಸೇರಿಕೊಂಡು ಇಬ್ಬರೂ ಪೊದೆ ಸುತ್ತ ಓಡಿದರು. ಚಿಕ್ಕಪ್ಪನ ಚಪ್ಪಲಿ ಕಿತ್ತುಹೋಯಿತು. ಕೋಳಿ ಹಿಡಿಯುವಾಗ ಕೋಳಿಗಿಂತ ಹೆಚ್ಚು ಸದ್ದು ಮಾಡುವ ಗಂಡಸರನ್ನು ನಾನು ಅಂದೇ ಕಂಡಿದ್ದು.

‘ಎರಡು ವರ್ಷ ಬೇಕು ಅಂದಿದ್ರಿ, ಮೂರೇ ತಿಂಗಳಲ್ಲಿ ಆಯ್ತಲ್ಲ ಬಾವ’ ಎಂದೆ. ‘ಬೆಕ್ಕಿಗೂ ಸಿಗಲ್ಲ, ನಿಮಗೂ ಸಿಗಲ್ಲ.’

ಬಾವ ಬೆವರು ಒರೆಸಿಕೊಂಡರು. ನಗಲಿಲ್ಲ. ಅವರ ಕಣ್ಣು ನಿಧಾನವಾಗಿ ಅಡುಗೆಮನೆ ಕಡೆ ತಿರುಗಿತು.

ಅಡುಗೆಮನೆಯ ಸೌದೆ ಮೂಲೆಯಲ್ಲಿ, ಹಳೇ ಬುಟ್ಟಿಯೊಳಗೆ ಹುಲ್ಲು ಹಾಸಿ, ಅಕ್ಕ ಒಂದು ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ಜುಟ್ಟಿನ ಕೋಳಿಗಳಲ್ಲಿ ಉಳಿದ ಕೊನೆಯ ಹೇಂಟೆ. ಪ್ರಯೋಗ ಶುರುವಾದ ಎರಡನೇ ವಾರವೇ ಅಕ್ಕ ಅದನ್ನು ಒಳಗೆ ತಂದುಕೊಂಡಿದ್ದಳು. ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿತ್ತು. ಓಡುವುದಿಲ್ಲ, ಹಾರುವುದಿಲ್ಲ. ಕೈ ಹಾಕಿದರೆ ಸಾಕು.

‘ಅದೊಂದಿದೆಯಲ್ಲ’ ಎಂದರು ಬಾವ.

‘ಬಾವ, ಅದು ಅವ್ವನ ಕೋಳಿ’ ಎಂದೆ. ನನ್ನ ದನಿಯಲ್ಲಿ ತಮಾಷೆ ಇರಲಿಲ್ಲ.

‘ಎಲ್ಲಾ ಕೋಳಿನೂ ಯಾರದೋ ಅವ್ವಂದೇ ಮಾರಾಯ್ತಿ. ನೆಂಟರು ಕೂತಿದಾರೆ. ಬರೀ ಕಡುಬು ಬಡಿಸಕ್ಕಾಗ್ತದ? ಮರ್ಯಾದೆ ಪ್ರಶ್ನೆ.’

ಬುಟ್ಟಿಯ ಹತ್ತಿರ ಬಗ್ಗಿ ಕೈ ನೀಡಿಯೇಬಿಟ್ಟರು. ಹೇಂಟೆ ಕಣ್ಣು ತೆರೆದು, ಪುಕ್ಕ ಉಬ್ಬಿಸಿ, ಮುಂಗೈಗೆ ಸರಿಯಾಗಿ ಕುಕ್ಕಿತು. ಆದರೂ ಏಳಲಿಲ್ಲ.

ಒಲೆಯ ಮುಂದೆ ಇದ್ದ ಅಕ್ಕ ಎದ್ದು ಬಂದಳು. ಕೈಯಲ್ಲಿ ಸೌಟು. ಮೂರು ತಿಂಗಳಲ್ಲಿ ಈ ವಿಷಯಕ್ಕೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ದನಿ ಏರಿಸಲೂ ಇಲ್ಲ.

‘ಹಿಡೀರಿ. ಅಡ್ಡಿಲ್ಲ. ಆದ್ರೆ ಇದನ್ನ ಕೊಯ್ದ ಮೇಲೆ ಆ ಮೊಟ್ಟೆ ಮೇಲೆ ನೀವು ಕೂರಬೇಕು. ಮರಿ ಆಗಕ್ಕೆ ಇನ್ನೂ ಒಂದು ವಾರ ಇದೆ. ನಡುವೆ ಏಳೋ ಹಾಗಿಲ್ಲ, ಟಿವಿ ಇಲ್ಲ, ಫೋನಿಲ್ಲ. ಮರದ ಮೇಲಿರೋ ನಿಮ್ಮ ಚುರುಕಿನ ಕೋಳಿ ಯಾವುದೂ ಈ ಕೆಲಸಕ್ಕೆ ನಿಲ್ಲಲ್ಲ. ನೀವೇ ಅವಿರೋಧವಾಗಿ ಆಯ್ಕೆ.’

ಜಗಲಿಯಲ್ಲಿ ಕೂತಿದ್ದ ಚಿಕ್ಕಮ್ಮನಿಗೆ ಎಲ್ಲ ಕೇಳಿಸಿತ್ತು. ಮೊದಲು ಒಂದು ಕೆಮ್ಮು ಬಂತು, ಆಮೇಲೆ ನಗು. ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಅಷ್ಟು ನಗಬಾರದು. ‘ಮಂಜಪ್ಪ, ನಂಗೆ ಬರೀ ಕಡುಬೇ ಸಾಕು ಮಾರಾಯ. ನೀನು ಕಾವಿಗೆ ಕೂರದು ಬೇಡ’ ಎಂದರು ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ನಾನು ನಗಲಿಲ್ಲ. ಅಕ್ಕ ಸೌಟು ಹಿಡಿದು ಬುಟ್ಟಿಗೆ ಅಡ್ಡವಾಗಿ ನಿಂತಳು.

ಬಾವ ಕೈ ಹಿಂದಕ್ಕೆ ತೆಗೆದುಕೊಂಡರು. ಬೈಕ್ ಹತ್ತಿ ಬಾಳೆಹೊನ್ನೂರಿಗೆ ಹೋಗಿ ಬ್ರಾಯ್ಲರ್ ತಂದರು. ಬ್ರಾಯ್ಲರ್ ಎಂದರೆ ಗೊತ್ತಲ್ಲ, ಮನುಷ್ಯ ಅವಸರದಲ್ಲಿ ಮಾಡಿದ ಆಯ್ಕೆ. ಎದೆ ಬೇಗ ಬರಲಿ ಎಂದು ಆರಿಸಿ ಆರಿಸಿ, ಈಗ ಎದೆ ಬಂದಿದೆ, ನಿಲ್ಲಲು ಕಾಲು ಇಲ್ಲ. ಚಿಕ್ಕಪ್ಪ ಒಂದು ತುಂಡು ಬಾಯಿಗಿಟ್ಟು ‘ಪರವಾಗಿಲ್ಲ, ಮೆತ್ತಗಿದೆ’ ಎಂದರು. ಶೃಂಗೇರಿ ಕಡೆಯವರು ಮರ್ಯಾದಸ್ಥರು.

ಮರುದಿನವೇ ಬಡಗಿ ಬಂದ. ಇಷ್ಟು ತಿಂಗಳು ಬಾವನ ಕಣ್ಣಿಗೆ ಬೀಳದಿದ್ದ ಬಡಗಿ ಎಲ್ಲಿದ್ದ ಎನ್ನುತ್ತೀರಿ? ಎರಡು ಮನೆ ಆಚೆ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಜೋಡಿಸಿ, ಕೀಲು ಬಡಿದು, ಹೊಸ ಚಿಲಕ ಹಾಕಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಹೊರಟುಹೋದ. ಎರಡು ವರ್ಷದಲ್ಲಿ ನಿಸರ್ಗ ಮಾಡಬೇಕಿದ್ದ ಕೆಲಸ.

ಮೊನ್ನೆ ಮತ್ತೆ ಹೋಗಿದ್ದೆ. ಜುಟ್ಟಿನ ಹೇಂಟೆ ಅಂಗಳದಲ್ಲಿ ಮರಿಗಳ ಹಿಂಡು ಕಟ್ಟಿಕೊಂಡು ತಿರುಗುತ್ತಿತ್ತು. ಎಲ್ಲ ಮರಿಗಳಿಗೂ ಅಲ್ಲ, ಕೆಲವಕ್ಕೆ ನೆತ್ತಿಯ ಮೇಲೆ ಸಣ್ಣದೊಂದು ಉಬ್ಬು, ಜುಟ್ಟು ಬರುವ ಗುರುತು. ಅಕ್ಕ ಒಂದನ್ನು ಹಿಡಿದು ನನ್ನ ಅಂಗೈಯಲ್ಲಿಟ್ಟಳು. ‘ಅವ್ವ ಇದ್ದಿದ್ರೆ...’ ಎಂದಳು. ಸಂತೋಷವಾಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಬಾವ ಜಗಲಿಯಿಂದ ಇಳಿದು ಬಂದರು. ಪಕ್ಕದಲ್ಲಿ ಸೊಸೈಟಿಯ ಯಾರೋ ಇಬ್ಬರು. ಮರಿಗಳ ಕಡೆ ಕೈ ತೋರಿಸಿ ಅವರಿಗೆ ಹೇಳುತ್ತಿದ್ದರು, ‘ಎಷ್ಟು ಬೆಕ್ಕು ಬಂತು, ಎಷ್ಟು ಹೋಯ್ತು. ಆದ್ರೂ ಗಟ್ಟಿ ತಳಿ ಉಳ್ದೇ ಉಳೀತು ನೋಡಿ. ಇದಕ್ಕೇ ನ್ಯಾಚುರಲ್ ಸೆಲೆಕ್ಷನ್ ಅನ್ನದು. ಬೇಕಾದ್ರೆ ನಮ್ಮ ಸುಮಿನ ಕೇಳಿ, ಸೈನ್ಸ್ ಟೀಚರು. ನಿಸರ್ಗ ಮಾರಾಯ್ತಿ, ನಿಸರ್ಗ. ಹೌದಲ್ವ?’

ಮೂವರೂ ನನ್ನ ಕಡೆ ತಿರುಗಿದರು. ನಾನು ಕೋಳಿಗೂಡಿನ ಹೊಸ ಬಾಗಿಲು ನೋಡಿದೆ. ಚಿಲಕ ಬಿಸಿಲಿಗೆ ಪಳಪಳ ಹೊಳೆಯುತ್ತಿತ್ತು.

‘ಹೌದು ಬಾವ’ ಎಂದೆ. ‘ಆ ಚಿಲಕವನ್ನು ನಿಸರ್ಗ ಯಾವ ಅಂಗಡಿಯಿಂದ ತಂದಿತು?’